ಸೀಸದ ಗುಂಡು ಬೆಚ್ಚಗಿದ್ದ ಬೆಳಗು

ಮೂಡಲು ಇನ್ನೂ ಕೆಂಪೇರಿಲ್ಲ. ಎಂಜಿನು ನಿಂತಿದೆ. ಅಲೆ ಬಂದು ದೋಣಿಯ ಹೊಟ್ಟೆ ತಟ್ಟುವ ಸದ್ದು ಬಿಟ್ಟರೆ ಬೇರೆ ಉಸಿರಿಲ್ಲ. ಉರಾಸೆ ಹತ್ಸುಯೊ ಕೈಗವಸು ಕಳಚಿ, ನೀರಿನ ಕಡೆ ತಿರುಗಿ, ನಮಸ್ಕಾರವೆಂದು ಎರಡು ಸಲ ಚಪ್ಪಾಳೆ ತಟ್ಟಿ ತಲೆ ಬಾಗಿಸುತ್ತಾರೆ. ಆಮೇಲೆ ಮೊಳದುದ್ದದ ಒಂದು ಕೊಳವೆಯನ್ನು, ನಿದ್ದೆ ಹೋದ ಕೂಸನ್ನು ತೊಟ್ಟಿಲಿಗೆ ಹಾಕುವ ಹಾಗೆ, ಕಡಲಿಗೆ ಇಳಿಬಿಡುತ್ತಾರೆ. ದಾರ ಸುರುಳಿ ಬಿಚ್ಚಿಕೊಂಡು ಇಳಿಯುತ್ತದೆ, ಇಳಿಯುತ್ತಲೇ ಇರುತ್ತದೆ.

ಚುಕ್ಕಾಣಿ ಹಿಡಿದ ಗಂಡ ಕನೆತೋಶಿ ಅನ್ನದುಂಡೆ ಅಗಿಯುತ್ತಾ ದಿನದಿನದ ಮಾತನ್ನೇ ಕೇಳುತ್ತಾರೆ: "ಏನಮ್ಮಾ ದಾದಿ, ಸಮುದ್ರಕ್ಕೆ ಜ್ವರ ಎಷ್ಟಿದೆ?"

"ನಿಮ್ಮ ತಲೆಯಷ್ಟು ಬಿಸಿ ಇಲ್ಲ. ಸುಮ್ನೆ ತಿನ್ನಿ."

ಕೊಳವೆ ಮೇಲೆ ಬಂದ ಗಳಿಗೆಯಲ್ಲೇ ಮೊಬೈಲಿನ ಮೇಲೆ ಒಂದು ಗೆರೆ ಮೂಡುತ್ತದೆ. ಮೇಲ್ನೀರು ಬೆಚ್ಚಗೆ, ನಡುವೆ ಗೆರೆ ಮಂಡಿ ಮಡಚಿದಂತೆ ಬಾಗುತ್ತದೆ, ಕೆಳಗೆಲ್ಲ ತಣ್ಣಗೆ. ನೀರಿನ ಬಿಸುಪು, ಉಪ್ಪು, ಆಳ ಮೂರನ್ನೂ ಕೊಳವೆ ಹೊತ್ತು ತಂದಿರುತ್ತದೆ. ಹತ್ಸುಯೊ ಆ ಗೆರೆಯನ್ನು ನೋಡುವುದು ದೇವರ ಪಟ ನೋಡುವ ಕಣ್ಣಲ್ಲಿ. "ಮದುವೆಯಾಗಿ ಬಂದಾಗಿನಿಂದ ಈ ನೀರಿನ ಮೇಲೇ ಕೂತಿದ್ದೀನಿ. ಒಳಗೆ ಏನು ನಡೀತಿದೆ ಅಂತ ಗೊತ್ತೇ ಇರಲಿಲ್ಲ. ನಮ್ಮ ಮೀನುಗಾರರ ದೇವರು ಎಬಿಸು ಗುಡೀಲಿ ಒಳಬಾಗಿಲು ಯಾವತ್ತೂ ತೆಗೆಯಲ್ಲ ನೋಡಿ. ಅದು ಒಂದು ಬೆರಳಷ್ಟು ಸರಿದಂಗಾಯ್ತು ನಂಗೆ."

ಇಕಿ ದ್ವೀಪದ ಪಡುವಣ ತುದಿಯ ಈ ಪುಟ್ಟ ಬಂದರಿನಲ್ಲಿ ಗಂಡ ಹೆಂಡತಿ ಇಬ್ಬರೇ ನಡೆಸುವ ದೋಣಿಗಳು ಈಗ ಕೆಲವೇ ಉಳಿದಿವೆ. ಹತ್ಸುಯೊ ಹುಟ್ಟಿದ್ದು ಇದೇ ದ್ವೀಪದ ಒಳನಾಡಿನ ಭತ್ತದ ಊರಲ್ಲಿ. ಸೊಸೆಯಾಗಿ ಬಂದ ವರ್ಷ ದೋಣಿ ಹತ್ತಿದ ದಿನವೆಲ್ಲ ಕಟಕಟೆಗೆ ಒರಗಿ ವಾಂತಿ. "ನಮ್ಮ ಸೊಸೆ ಬಲು ಧರ್ಮಿಷ್ಠೆ, ದಿನಾ ಮೀನಿಗೆ ಅನ್ನದಾನ ಮಾಡ್ತಾಳೆ" ಎಂದು ಅತ್ತೆ ದಂಡೆಯಲ್ಲಿ ನಿಂತು ಊರಿಗೆಲ್ಲ ಕೇಳುವಂತೆ ಹೇಳುತ್ತಿದ್ದರಂತೆ. ಹಾಗೆ ಹೇಳುತ್ತಲೇ, ವಾಂತಿ ನಿಲ್ಲಲೆಂದು ಉಪ್ಪಿನಲ್ಲಿ ಹಾಕಿದ ಹುಳಿ ಪ್ಲಮ್ ಹಣ್ಣನ್ನು ಸೊಸೆಯ ಬಾಯಿಗೆ ತುರುಕುತ್ತಿದ್ದರಂತೆ.

ಕೆಲವು ವರ್ಷಗಳ ಹಿಂದೆ ಮೀನುಗಾರರ ಸಂಘದ ಹಜಾರಕ್ಕೆ ಇಬ್ಬರು ಬಂದರು. ಒಬ್ಬರು ವಿಶ್ವವಿದ್ಯಾಲಯದಲ್ಲಿ ಕಡಲಿನ ಹರಿವನ್ನು ಅಭ್ಯಾಸ ಮಾಡುವ ಮಿಜೊಗುಚಿ ಎಂಬ ಹೆಣ್ಣುಮಗಳು. ಇನ್ನೊಬ್ಬರು ದೋಣಿಯ ಯಂತ್ರಗಳನ್ನು ತಯಾರಿಸುವ ಕಂಪನಿಯವರು. ಕಂಪನಿ ಕೊಳವೆ ಕೊಡುತ್ತದೆ, ಮೀನುಗಾರರು ಅದನ್ನು ನೀರಿಗೆ ಇಳಿಸುತ್ತಾರೆ, ವಿಶ್ವವಿದ್ಯಾಲಯ ಆ ಅಳತೆಗಳನ್ನೆಲ್ಲ ಕೂಡಿಸಿ ನಾಳಿನ ಹರಿವು ಹೇಗಿರುತ್ತದೆಂದು ನಕ್ಷೆ ಬರೆಯುತ್ತದೆ. ನಕ್ಷೆ ಎಲ್ಲರಿಗೂ ತೆರೆದಿರುತ್ತದೆ, ಅಳೆದ ಜಾಗದ ಚುಕ್ಕೆಯೂ ಸೇರಿ. ಗಂಡಸರು ಕೈಕಟ್ಟಿ ಕೂತುಬಿಟ್ಟರು. ಮೀನು ಸಿಗುವ ಜಾಗವನ್ನು ಒಡಹುಟ್ಟಿದವರಿಗೂ ಹೇಳದ ಜನ ಇವರು. ಚುಕ್ಕೆ ಬಿದ್ದ ಕಡೆ ನಾಳೆ ಹತ್ತು ದೋಣಿ ನಿಂತಿರುತ್ತವೆ ಎಂದು ಯಾರೋ ಗೊಣಗಿದರು. ಆಗ ಹಿಂದಿನ ಸಾಲಿನಲ್ಲಿ ಚಹಾ ಸುರಿಯುತ್ತಿದ್ದ ಹತ್ಸುಯೊ ಕೆಟಲು ಕೆಳಗಿಟ್ಟು ಕೈ ಎತ್ತಿದರು.

ಇವತ್ತು ಇವರದೊಂದೇ ದೋಣಿಯಲ್ಲ. ಈ ಜಲಸಂಧಿಯ ಉದ್ದಕ್ಕೂ ಬೆಳಗಾಯಿತೆಂದರೆ ಅಲ್ಲೊಂದು ಇಲ್ಲೊಂದು ಕೊಳವೆ ಇಳಿಯುತ್ತದೆ. ಜನರನ್ನು ಸಾಗಿಸುವ ಹಡಗಿನ ಒಡಲಲ್ಲೂ ಅಳತೆಯ ಯಂತ್ರವಿದೆ. ಒಬ್ಬರನ್ನೊಬ್ಬರು ಕಾಣದ ಇಷ್ಟು ಜನ ಒಂದೇ ನೀರಿನ ನಾಡಿ ಹಿಡಿದು ಕೂತಿದ್ದಾರೆ ಎಂದುಕೊಂಡರೆ ಮೈ ಜುಮ್ಮೆನ್ನುತ್ತದೆ. ತೆಂಕಣದಿಂದ ನಡೆದು ಬರುವ ಬೆಚ್ಚನೆಯ ಮಹಾಪ್ರವಾಹಕ್ಕೆ ಈ ದೋಣಿ, ದ್ವೀಪ ಯಾವುದರ ಪರಿವೆಯೂ ಇಲ್ಲ. ಆದರೂ ತಾನು ಹೋಗುವ ದಾರಿಯನ್ನು ಬಗ್ಗಿ ಕೇಳಿದವರಿಗೆ ಅದು ಹೇಳಿ ಹೋಗುತ್ತದೆ.

ಒಂದು ಜಾಗ ಮಾತ್ರ ನಕ್ಷೆಯಲ್ಲಿ ಖಾಲಿಯಿತ್ತು. ಅದು ಕನೆತೋಶಿಯ ತಂದೆ ಮಗನಿಗೆ ಬಿಟ್ಟುಹೋದ, ಮೀನು ಸೇರುವ ಮುಳುಗುಬಂಡೆ. ಗುಡ್ಡದ ಪೈನ್ ಮರ ಭೂಶಿರದ ಮೂಗಿನ ಹಿಂದೆ ಸರಿಯಬೇಕು, ಇನ್ನೊಂದು ಬದಿಗೆ ತೂತುಬಂಡೆಯೊಳಗಿಂದ ಆಕಾಶ ಕಾಣಬೇಕು. ಆಗ ದೋಣಿ ಸರಿಯಾಗಿ ಅದರ ನೆತ್ತಿಯ ಮೇಲಿರುತ್ತದೆ. ಕೊಳವೆ ಅಲ್ಲಿ ಇಳಿಯಕೂಡದು ಎಂಬುದು ಕನೆತೋಶಿಯ ಕಟ್ಟುನಿಟ್ಟು. ಹತ್ಸುಯೊ ಒಪ್ಪಿದ್ದರು. ಬಂಡೆ ಹತ್ತಿರವಾದಂತೆ ಕೊಳವೆಗೆ ತುಂಡುಬಟ್ಟೆ ಸುತ್ತಿ ಪೆಟ್ಟಿಗೆಗೆ ಸೇರಿಸಿಬಿಡುತ್ತಿದ್ದರು.

ಹೋದ ಶರತ್ಕಾಲದಲ್ಲಿ ಚಂಡಮಾರುತವೊಂದು ದೂರದಿಂದಲೇ ಹಾದುಹೋದ ಮರುಬೆಳಗು. ಕಡಲು ತುಪ್ಪದ ಹಾಗೆ ನಿಂತಿದೆ. ಹರಿವು ಸೌಮ್ಯ ಎಂದು ನಕ್ಷೆಯೂ ಹೇಳುತ್ತಿದೆ. ಬಂಡೆಯ ಮೇಲೆ ಗಾಳದ ದಾರ ಎಳೆದುಕೊಳ್ಳುತ್ತಿದ್ದ ಹತ್ಸುಯೊ ತುದಿಯ ಸೀಸದ ಗುಂಡನ್ನು ಹಿಡಿದು ತಟ್ಟನೆ ನಿಂತರು. ತಳದಿಂದ ಬರುವ ಗುಂಡು ಯಾವತ್ತೂ ಐಸಿನಂತೆ ಕೊರೆಯಬೇಕು. ಅವತ್ತು ಬೆಚ್ಚಗಿತ್ತು. ಕೆನ್ನೆಗೆ ಒತ್ತಿ ನೋಡಿದರು. ಹೌದು, ಬೆಚ್ಚಗೆ.

ಬೇಡದ ಕಡೆ ಬೇಡದ ನೀರು ನುಗ್ಗಿದೆ. ಅಂಥ ನೀರಿನ ಬೆನ್ನಿಗೇ ಕೆಲವೊಮ್ಮೆ ಭಾರೀ ಸೆಳೆತ ಬರುತ್ತದೆ. ಭೂಶಿರದ ಆಚೆ ಅವರ ನೆರೆಯವ ಇವಾಓ ಸಮುದ್ರದಲ್ಲಿ ನೆಟ್ಟ ದೊಡ್ಡ ಬಲೆಯಿದೆ. ಒಂದು ಊರಿನಷ್ಟು ಅಗಲದ ನೀರನ್ನು ಸುತ್ತುವರಿದ ಬಲೆ. ಅದು ಕಿತ್ತುಹೋದರೆ ಇವಾಓ ಮಾತ್ರವಲ್ಲ, ಅವನ ಜೊತೆ ಹಗ್ಗ ಎಳೆಯುವ ಮನೆಗಳೆಲ್ಲ ಬೀದಿಗೆ ಬೀಳುತ್ತವೆ. ಆದರೆ ಬರೀ ಕೆನ್ನೆಯ ಮಾತು ಕೇಳಿ ಯಾರೂ ಅಂಥ ಬಲೆ ಎತ್ತುವುದಿಲ್ಲ. ಎಷ್ಟು ಆಳದವರೆಗೆ, ಎಷ್ಟು ಬೆಚ್ಚಗೆ ಎಂದು ಕೊಳವೆಯೇ ಹೇಳಬೇಕು. ಕೊಳವೆ ಹೇಳಿದರೆ ಬಂಡೆಯ ಗುಟ್ಟೂ ಹೊರಗೆ.

ಹತ್ಸುಯೊ ಗುಂಡನ್ನು ಗಂಡನ ಅಂಗೈಗೆ ಇಟ್ಟರು, ಅಷ್ಟೆ. ಕನೆತೋಶಿ ಅದನ್ನು ಮುಷ್ಟಿಯಲ್ಲಿ ಹಿಡಿದು ಪೈನ್ ಮರದ ಕಡೆ ನೋಡಿದರು.

"ಅಪ್ಪ ಇದ್ದಿದ್ರೆ ನನ್ನ ಎತ್ತಿ ನೀರಿಗೆ ಬಿಸಾಕ್ತಿದ್ದ."

"ಅಪ್ಪ ಇದ್ದಿದ್ರೆ ಮೊದಲು ಇವಾಓನ ಬಲೆ ಎತ್ತೋಕೆ ಹೋಗ್ತಿದ್ರು ಕಣ್ರಿ," ಎಂದರು ಹತ್ಸುಯೊ.

ಕನೆತೋಶಿಯೇ ಪೆಟ್ಟಿಗೆ ತೆರೆದು ಬಟ್ಟೆ ಬಿಚ್ಚಿ ಕೊಳವೆ ಇಳಿಸಿದರು. ಗೆರೆ ಎಲ್ಲೂ ಬಾಗದೆ ತಳದವರೆಗೆ ನೆಟ್ಟಗೆ ನಿಂತಿತು: ಬೆಚ್ಚನೆಯ ನೀರು ಇದ್ದಬದ್ದ ತಂಪನ್ನೆಲ್ಲ ಒತ್ತರಿಸಿತ್ತು. ತುಸು ಹೊತ್ತಿನಲ್ಲೇ ಮಿಜೊಗುಚಿ ಫೋನು ಮಾಡಿ, ದಯವಿಟ್ಟು ಇನ್ನೊಂದು ಸಲ ಇಳಿಸಿ ಎಂದು ಬೇಡಿಕೊಂಡರು. ಇಳಿಸಿದರು. ಮಧ್ಯಾಹ್ನದ ಹೊತ್ತಿಗೆ ನಕ್ಷೆಯಲ್ಲಿ ಭೂಶಿರದ ಸುತ್ತ ಭಾರೀ ಸೆಳೆತ ಸೂಚಿಸುವ ಕೆಂಪು ಬಾಣಗಳು ಎದ್ದವು. ಇವಾಓ ಮತ್ತು ಅವನ ಜನ ಊಟ ಬಿಟ್ಟು ಓಡಿ, ಕತ್ತಲಾಗುವುದರೊಳಗೆ ಬಲೆ ಎತ್ತಿ ದಂಡೆಗೆ ತಂದರು. ಮರುದಿನ ಸೆಳೆತ ಬಂತು. ಖಾಲಿ ಲಂಗರಿನ ಹಗ್ಗಗಳು ವೀಣೆಯ ತಂತಿಯ ಹಾಗೆ ಮಿಡಿಯುತ್ತಿದ್ದುದನ್ನು ಊರೆಲ್ಲ ದಂಡೆಯಲ್ಲಿ ನಿಂತು ಕೇಳಿತು. ಇವಾಓ ಟೋಪಿ ತೆಗೆದು ಕಡಲಿಗೆ ಬಾಗಿದ. ಆಮೇಲೆ ತಿರುಗಿ ಕನೆತೋಶಿಗೆ ಅದಕ್ಕಿಂತ ಕೆಳಗೆ ಬಾಗಿದ.

ಗುಟ್ಟು ಹೋದದ್ದು ಹೋದದ್ದೇ. ವಾರ ಕಳೆಯುವುದರೊಳಗೆ ಬಂಡೆಯ ಮೇಲೆ ಬೇರೆ ದೋಣಿಗಳು ಬಂದವು. ಹತ್ಸುಯೊ ಇದನ್ನು ಮುಚ್ಚಿಡುವುದಿಲ್ಲ. "ಮೀನು ಕಮ್ಮಿ ಆಗಿದೆ, ಇಲ್ಲ ಅನ್ನಲ್ಲ. ಇವರು ಒಂದು ತಿಂಗಳು ನನ್ನ ಹತ್ರ ಸರಿಯಾಗಿ ಮಾತಾಡಲಿಲ್ಲ. ಆದ್ರೆ ಬಂದೋರೂ ಅಲ್ಲಿ ಕೊಳವೆ ಇಳಿಸ್ತಾರೆ. ಅದು ಸಾಕು ನಂಗೆ."

ಮೊನ್ನೆ ಬೆಳಿಗ್ಗೆ ಬಂಡೆಯ ಹತ್ತಿರ ಹೋದಾಗ ಆಗಲೇ ಮೂರು ದೋಣಿ ನಿಂತಿದ್ದವು. ಕನೆತೋಶಿ ಚುಕ್ಕಾಣಿ ತಿರುಗಿಸಿದರು. ದೋಣಿ ಬಡಗಣಕ್ಕೆ ಬಹಳ ದೂರ ಹೋಯಿತು. ಹತ್ಸುಯೊ ಎಂದೂ ಕಾಣದ ಕಡೆ ಎಂಜಿನು ನಿಂತಿತು. ಇದು ಯಾವ ಜಾಗ ಎಂದು ಕೇಳಿದ್ದಕ್ಕೆ, ಅಪ್ಪ ತೋರಿಸಿದ್ದಲ್ಲ, ಹುಡುಗನಾಗಿದ್ದಾಗ ತಾನೇ ಕಂಡುಕೊಂಡದ್ದು, ಯಾರಿಗೂ ಹೇಳಿಲ್ಲ ಎಂದರು ಕನೆತೋಶಿ. ಇಷ್ಟು ವರ್ಷ ಒಂದೇ ದೋಣಿಯಲ್ಲಿ ಕೂತ ಹೆಂಡತಿಗೂ!

ಹತ್ಸುಯೊ ತಾವಾಗಿಯೇ ಕೊಳವೆಗೆ ಬಟ್ಟೆ ಸುತ್ತತೊಡಗಿದರು.

"ಅದ್ಯಾಕೆ ಸುತ್ತುತ್ತೀಯ?"

"ಇಲ್ಲೂ ಇಳಿಸಬೇಕಾ?"

ಕನೆತೋಶಿ ಗಾಳಕ್ಕೆ ಎರೆ ಚುಚ್ಚುತ್ತಾ, ತಲೆ ಎತ್ತದೆ ಹೇಳಿದರು: "ಇಲ್ಲಿರೋದೂ ಅದೇ ನೀರು ತಾನೆ."