ಗಿರಿಜತ್ತೆಯ ಕಾರ್ಡು

ಅಂಚೆ ಕಾರ್ಡಿನ ಒಂದು ಬದಿಗೆ ಹನ್ನೊಂದು ಸಾಲು ಹಿಡಿಯುತ್ತಿದ್ದವು. ಅಕ್ಷರ ಚಿಕ್ಕದು ಮಾಡಿದರೆ ಹದಿನಾಲ್ಕು. ಗಿರಿಜತ್ತೆಯ ಮಾತು ಹದಿನಾಲ್ಕಕ್ಕೂ ಮುಗಿಯುತ್ತಿರಲಿಲ್ಲ. ಇವತ್ತಿಗೂ ಚಳಿಗಾಲದಲ್ಲಿ ಜಯನಗರದ ಮಾರುಕಟ್ಟೆಯ ಮುಂದೆ ಅವರೆಕಾಯಿಯ ಸೊಗಡು ಮೂಗಿಗೆ ಬಡಿದರೆ ನನಗೆ ಮೊದಲು ನೆನಪಾಗುವುದು ಊಟವಲ್ಲ, ಆ ಕಾರ್ಡು. ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಕುಳಿತು, ನೆನೆಸಿದ ಕಾಳನ್ನು ಒಂದೊಂದಾಗಿ ಹಿದುಕಿ ಬೇಳೆಯನ್ನು ಪಾತ್ರೆಗೆ ಚಿಮ್ಮಿಸುತ್ತಾ ಅತ್ತೆ ಬರೆಸುತ್ತಿದ್ದ ಮಾತು. ಆ ನೆನಪಿನ ಬೆನ್ನಿಗೇ ಸಿಟ್ಟು ಬರುತ್ತದೆ. ಇಷ್ಟು ವರ್ಷವಾದರೂ ಅದು ಆರಿಲ್ಲ. ಆರಲಿ ಎಂದು ನಾನು ಬಯಸಿಯೂ ಇಲ್ಲ.

ಅಪ್ಪನಿಗೆ ಊರೂರಿಗೆ ವರ್ಗವಾಗುತ್ತಿದ್ದುದರಿಂದ ಓದಿಗೆಂದು ನನ್ನನ್ನು ದೊಡ್ಡಪ್ಪನ ಮನೆಯಲ್ಲಿ ಬಿಟ್ಟಿದ್ದರು. ದೊಡ್ಡಮ್ಮ ತೀರಿಕೊಂಡ ಮೇಲೆ ಆ ಮನೆ ನಡೆಯುತ್ತಿದ್ದುದು ಗಿರಿಜತ್ತೆಯಿಂದ. ಅವಳು ದೊಡ್ಡಪ್ಪನ ತಂಗಿ, ಇಪ್ಪತ್ತೆರಡಕ್ಕೇ ಗಂಡನನ್ನು ಕಳೆದುಕೊಂಡು ಅಣ್ಣನ ಮನೆಗೆ ಬಂದವಳು. ಬೀದಿಯಲ್ಲಿ ಟೀವಿ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಸಂಜೆಯಾದರೆ ನಡುಮನೆಯಲ್ಲಿ ಚಾಪೆ, ಚಾಪೆ ತುಂಬ ನೆರೆಹೊರೆಯವರು, ಕುರ್ಚಿಯಲ್ಲಿ ದೊಡ್ಡಪ್ಪ. ಅತ್ತೆ ಮಾತ್ರ ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಒರಗಿ ನಿಂತೇ ನೋಡುತ್ತಿದ್ದಳು. ಕೂತ್ಕೋ ಎಂದು ಯಾರೂ ಹೇಳಿದ್ದು ನಾನು ಕೇಳಿಲ್ಲ. ನಿಮ್ಮ ಮನೆಯಲ್ಲೂ ಹಾಗೆ ಬೆನ್ನು ತಾಗಿ ತಾಗಿ ಬಣ್ಣ ಮಾಸಿದ ಚೌಕಟ್ಟೊಂದು ಇದ್ದಿರಬೇಕು. ಯಾರ ಬೆನ್ನು ಎಂದು ನೀವೂ ಕೇಳಿರಲಿಕ್ಕಿಲ್ಲ.

ಅವಳು ನೋಡುತ್ತಿದ್ದ ಬಗೆಯೇ ಬೇರೆ. ಅಡುಗೆ ಹೇಳಿಕೊಡುವ ಹೆಂಗಸು ರೇಷ್ಮೆ ಸೀರೆಯಲ್ಲಿ ಬಂದರೆ, "ಸೆರಗು ಸಿಕ್ಕಿಸ್ದೆ ಒಗ್ಗರಣೆ ಹಾಕ್ತಾಳೆ ನೋಡು, ಇವಳ ಮನೇಲಿ ಅಡುಗೆ ಮಾಡೋಳು ಬೇರೆ ಯಾರೋ ಇದಾಳೆ" ಎನ್ನುತ್ತಿದ್ದಳು. ನಗೆ ನಾಟಕದಲ್ಲಿ ತೊದಲುವ ಆಳನ್ನು ಕಂಡು ಚಾಪೆಯಿಡೀ ನಕ್ಕರೆ ಅವಳು ಒಳಗೆ ಹೋಗಿಬಿಡುತ್ತಿದ್ದಳು. ಆ ವರ್ಷ ವಾರಕ್ಕೊಮ್ಮೆ ಒಂದು ಧಾರಾವಾಹಿ ಬರುತ್ತಿತ್ತು. ಅಣ್ಣನ ಮನೆಯಲ್ಲಿರುವ ವಿಧವೆ ತಂಗಿ, ಪ್ರತಿ ವಾರವೂ ಒಲೆಯ ಮುಂದೆ ಕುಳಿತು ಅಳುವವಳು. ನಾಲ್ಕು ವಾರ ನೋಡಿ ಐದನೆಯ ವಾರ ಅತ್ತೆ ನನ್ನನ್ನು ಕರೆದಳು. ನೋಡುಗರ ಪತ್ರ ಓದುವ ಕಾರ್ಯಕ್ರಮವಿತ್ತಲ್ಲ, ಅದಕ್ಕೆ ಬರೆಯಬೇಕು ಎಂದಳು. ಅವಳಿಗೆ ನಿಧಾನವಾಗಿ ಓದಲು ಬರುತ್ತಿತ್ತು, ಬರೆಯಲು ಬರುತ್ತಿರಲಿಲ್ಲ. ನನಗೆ ಆಗ ಹನ್ನೊಂದು ವರ್ಷ.

"ಒಲೆ ಮುಂದೆ ಕಣ್ಣಲ್ಲಿ ನೀರು ಬರೋದು ಹೊಗೆಗೆ, ದುಃಖಕ್ಕಲ್ಲ ಅಂತ ಬರಿ. ಅಣ್ಣನ ಮನೇಲಿರೋ ತಂಗಿಗೂ ಹಸಿವಾಗತ್ತೆ, ನಗು ಬರತ್ತೆ, ಕೋಪಾನೂ ಬರತ್ತೆ. ಅವಳನ್ನ ಒಂದ್ಸಲ ನಗಿಸಿ ನೋಡಿ ಅಂತ ಬರಿ. ಬರ್ದಾ? ಕೆಳಗೆ ಗಿರಿಜಮ್ಮ ಅಂತ ಹಾಕು. ದೊಡ್ಡದಾಗಿ ಹಾಕು."

ನಾನು ಹಾಕಲಿಲ್ಲ. ಹಿಂದಿನ ವರ್ಷ ರೇಡಿಯೋದ ಮಕ್ಕಳ ಕಾರ್ಯಕ್ರಮಕ್ಕೆ ನನ್ನ ಹೆಸರಿನಲ್ಲಿ ಬರೆದ ಕಾರ್ಡನ್ನು ದೊಡ್ಡಪ್ಪ ಎರಡು ತುಂಡು ಮಾಡಿದ್ದರು. ಮನೆಯಿಂದ ಹೊರಡುವ ಕಾಗದಕ್ಕೆ ಯಜಮಾನನ ಹೆಸರಿರಬೇಕು, ಅದು ಆ ಮನೆಯ ಪದ್ಧತಿ. ಮದುವೆಗೆ ಶುಭಾಶಯ, ಸಾವಿಗೆ ಸಾಂತ್ವನ, ಎಲ್ಲವನ್ನೂ ಬರೆಯುತ್ತಿದ್ದವಳು ನಾನು. ಎಲ್ಲದರ ಕೆಳಗೂ 'ಇಂತಿ ಎಂ. ರುದ್ರಯ್ಯ'. ಅಭ್ಯಾಸದ ಕೈ, ಜೊತೆಗೆ ಹೆದರಿಕೆ. ಅತ್ತೆಯ ಹದಿನಾಲ್ಕು ಸಾಲಿನ ಕೆಳಗೂ ಅದೇ ಹೆಸರು ಬರೆದು, ಅವಳಿಗೆ ತೋರಿಸದೆ, ಶಾಲೆಗೆ ಹೋಗುವ ದಾರಿಯಲ್ಲಿ ಡಬ್ಬಿಗೆ ಹಾಕಿದೆ.

ಅಂಥ ಕಾರ್ಡುಗಳನ್ನು ಯಾರು ಓದುತ್ತಾರೆ ಎಂದುಕೊಂಡಿದ್ದೆ. ಮೂರು ವಾರದ ನಂತರ ಓದಿದರು. ಹೊಗೆಯ ಮಾತು ಕೇಳಿದ್ದೇ ತಡ, ಅತ್ತೆ ಚೌಕಟ್ಟು ಬಿಟ್ಟು ನಡುಮನೆಗೆ ಬಂದಳು. ಅವಳು ಅಷ್ಟು ಮುಂದೆ ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತಾ, ತುಟಿಯಲ್ಲೇ ಮುಂದಿನ ಮಾತನ್ನು ಹೇಳಿಕೊಳ್ಳುತ್ತಾ ಟೀವಿಯನ್ನೇ ನೋಡುತ್ತಿದ್ದಳು. ಓದುವ ಹೆಂಗಸು ಕಾರ್ಡನ್ನು ಕೆಳಗಿಟ್ಟು ನಸುನಕ್ಕು, "ಹೀಗೆ ಬರೆದಿದ್ದಾರೆ ಜಯನಗರದಿಂದ ಶ್ರೀ ಎಂ. ರುದ್ರಯ್ಯನವರು" ಎಂದಳು.

"ಏನ್ ಸಾರ್, ಒಂದ್ ಮಾತೂ ಹೇಳ್ಲಿಲ್ವಲ್ಲ!" ಎಂದು ಪಕ್ಕದ ಮನೆಯ ಲಲಿತಾ ಆಂಟಿ ಕೂಗಿದರು. "ಹೆಣ್ಣಿನ ಮನಸ್ಸು ಎಷ್ಟು ಚೆನ್ನಾಗಿ ತಿಳ್ಕೊಂಡಿದೀರಿ! ಗಿರಿಜಮ್ಮ, ಇಂಥ ಅಣ್ಣನ್ನ ಪಡೆಯೋಕೆ ಪುಣ್ಯ ಮಾಡಿರ್ಬೇಕು."

ದೊಡ್ಡಪ್ಪ ನನ್ನತ್ತ ನೋಡಿದರು. ಆ ಮನೆಯ ಕಾಗದ ಬರೆಯುವ ಕೈ ಯಾವುದೆಂದು ಅವರಿಗೆ ಗೊತ್ತು. ಆಮೇಲೆ ತಂಗಿಯತ್ತ ನೋಡಿದರು. ಅವಳು ಎಲ್ಲಿ ನಿಂತಿದ್ದಾಳೆಂದು ಕಂಡರು. ಅವರಿಗೆ ಅರ್ಥವಾಯಿತು ಎಂದು ನಾನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ. ಒಂದು ಮಾತು ಸಾಕಿತ್ತು. ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸುತ್ತಾ, "ಏನೋ, ಮನಸ್ಸಿಗೆ ಬಂತು, ಬರ್ದೆ" ಎಂದರು. ಮತ್ತೆ, "ಗಿರಿಜಾ, ಎಲ್ರಿಗೂ ಕಾಫಿ ಮಾಡು."

ಅವಳು ಮಾಡಿದಳು. ಸಿಟ್ಟು ಎಲ್ಲಿಂದ ಶುರುವಾಗುತ್ತದೆಂದು ನನ್ನನ್ನು ಕೇಳಿದರೆ ಅಲ್ಲಿಂದ. ಅವಳಿಗೂ ಕೋಪ ಬರುತ್ತದೆಂದು ಬರೆದ ಕಾಗದವನ್ನು ತನ್ನದೆಂದು ಒಪ್ಪಿಕೊಂಡ ಬಾಯಿಂದಲೇ ಅವಳಿಗೆ ಕಾಫಿಯ ಅಪ್ಪಣೆ. ಲೋಟ ಜೋಡಿಸಲು ಹೋದ ನನ್ನನ್ನು ಅವಳು ತಿರುಗಿ ನೋಡಲಿಲ್ಲ.

"ನಾನ್ ಹೇಳಿದ್ ಹೆಸರು ಯಾಕೆ ಹಾಕ್ಲಿಲ್ಲ?"

"ದೊಡ್ಡಪ್ಪ ಬೈತಾರೆ ಅಂತ ಅತ್ತೆ."

"ಬೈದಿದ್ರೆ ನಂಗೆ ತಾನೆ ಬೈತಿದ್ದ" ಎಂದಳು. "ಬೈಸ್ಕೊಳ್ಳೋಕೆ ನಾನು ತಯಾರಿದ್ದೆ ಕಣೇ."

ಆಮೇಲೆ ಅವಳು ಏನನ್ನೂ ಬರೆಸಲಿಲ್ಲ. ಕೊನೆಯವರೆಗೂ ದೊಡ್ಡಪ್ಪ ಬಂದ ನೆಂಟರಿಗೆಲ್ಲ, ತಮ್ಮ ಕಾಗದವನ್ನು ಟೀವಿಯಲ್ಲಿ ಓದಿದ ಕಥೆ ಹೇಳುತ್ತಿದ್ದರು. ಹೇಳಿ ಹೇಳಿ ಅವರಿಗೆ ಅದು ನಿಜವೇ ಆಗಿತ್ತು. ಅತ್ತೆ ಹೋದಳು, ಅವರೂ ಹೋದರು, ಮನೆಯನ್ನು ಮಾರಿದರು. ಈಗ ಅಲ್ಲಿ ಅಂಗಡಿಗಳ ಸಾಲಿದೆ. ಅವಳಾಡಿದ ಮಾತುಗಳಲ್ಲಿ ಊರೆಲ್ಲ ಕೇಳಿದ್ದು ಆ ಹದಿನಾಲ್ಕು ಸಾಲು ಮಾತ್ರ. ಅವನ್ನೂ ಅವಳಿಂದ ಕಿತ್ತು ಬೇರೆಯವರಿಗೆ ಕೊಟ್ಟ ಕೈ ನನ್ನದು. ದೊಡ್ಡಪ್ಪನನ್ನು ನಾನು ಕ್ಷಮಿಸಿಲ್ಲ. ನನ್ನನ್ನು ಕ್ಷಮಿಸಿಕೊಳ್ಳುವ ಆತುರವೂ ನನಗಿಲ್ಲ.

ಆದರೆ ಕಾರ್ಡು ಓದಿದ ಮರುದಿನ ಬೆಳಿಗ್ಗೆ ತರಕಾರಿ ಗಾಡಿ ಬಂದಾಗ, ಅತ್ತೆ ನನ್ನ ಕೈ ಹಿಡಿದುಕೊಂಡು ಬೀದಿಗೆ ಇಳಿದಳು. ಲಲಿತಾ ಆಂಟಿ ಸೊಪ್ಪು ಬಿಡಿಸಿ ನೋಡುತ್ತಾ ಇನ್ನಿಬ್ಬರು ಹೆಂಗಸರಿಗೆ ರುದ್ರಯ್ಯನವರ ಕಾಗದದ ಸುದ್ದಿಯನ್ನೇ ಹೇಳುತ್ತಿದ್ದರು. ಅತ್ತೆ ಬದನೆಕಾಯಿಯೊಂದನ್ನು ಎತ್ತಿ, ತೊಟ್ಟು ನೋಡಿ, ಇಡೀ ಬೀದಿಗೆ ಕೇಳುವಂತೆ ಹೇಳಿದಳು: "ಹೇಳಿದ್ದು ನಾನು. ಬರ್ದಿದ್ದು ಈ ಮಗು. ಅಣ್ಣ ಕಾಫಿ ಕುಡ್ದ, ಅಷ್ಟೆ."

ಹೆಂಗಸರು ಒಬ್ಬರ ಮುಖವನ್ನೊಬ್ಬರು ನೋಡಿ, ತಮಾಷೆಯಿರಬೇಕೆಂದು ನಕ್ಕರು. ಅತ್ತೆ ನಗಲಿಲ್ಲ. ಅವರ ನಗು ಪೂರ್ತಿ ಮುಗಿಯುವವರೆಗೂ ಕಾದು, ಅದೇ ಮಾತನ್ನು ಇನ್ನೊಮ್ಮೆ ಹೇಳಿದಳು.