ಬಗ್ಗಡದ ನೀರಿಗೆ ಹಿಂದಿರುಗಿದ ಚಕ್ರಶಿಲೆ

2024ರ ಮೇ ತಿಂಗಳು. ತಿ. ನರಸೀಪುರದ ಪ್ರೌಢಶಾಲೆಯೊಂದರಲ್ಲಿ ಕನ್ನಡ ಬೋಧಿಸುತ್ತಿದ್ದ ನಾನು ಸ್ವಯಂನಿವೃತ್ತಿ ಪಡೆದು ಒಂದು ವರ್ಷವಾಗಿತ್ತು. ನಂಜನಗೂಡಿನಲ್ಲಿರುವ ನನ್ನ ಅಕ್ಕ ಲಲಿತಾ ಒಂದು ದಿನ ಫೋನು ಮಾಡಿ, "ದ್ವಾರಕೆಗೆ ಹೋಗೋಣ ಕಣೋ, ಹಾಗೇ ಸಹನಾನ್ನೂ ನೋಡ್ಕೊಂಡು ಬರೋಣ" ಎಂದಳು. ಸಹನಾ ಅಕ್ಕನ ಮಗಳು. ಗುಜರಾತಿನ ಕಚ್ಛ್ ಕೊಲ್ಲಿಯಲ್ಲಿ ಹವಳಗಳ ಕುರಿತು ಸಂಶೋಧನೆ ನಡೆಸುತ್ತಿದ್ದಾಳೆ. ನಮ್ಮ ಮನೆಗೆ ಹಾಲು ತರುವ ಹೆಮ್ಮಿಗೆಯ ಪುಟ್ಟಸ್ವಾಮಿಯವರೂ ಹಸು ಎಮ್ಮೆಗಳನ್ನು ಹೆಂಡತಿಗೆ ಒಪ್ಪಿಸಿ, "ನಾನೂ ಬತ್ತೀನಿ ಸಾ, ಸಮುದ್ರನೇ ನೋಡಿಲ್ಲ" ಎಂದು ಜೊತೆಗೂಡಿದರು.

ಅಕ್ಕನ ಮನಸ್ಸಿನಲ್ಲಿ ಬೇರೊಂದು ಆಸೆಯಿತ್ತು. ಆಕೆಯ ಮನೆ ಕಪಿಲೆಯ ದಡಕ್ಕೆ ಸಮೀಪದಲ್ಲಿದೆ. ಹಿಂದೊಮ್ಮೆ ಪ್ರವಾಹದ ನೀರು ಒಳಗೆ ನುಗ್ಗಿದಾಗ ದೇವರ ಮನೆಯ ಪೆಟ್ಟಿಗೆ ಮಗುಚಿಬಿತ್ತು. ಕೆಸರನ್ನು ಜಾಲಿಸಿದಾಗ ಸಾಲಿಗ್ರಾಮ ದೊರೆಯಿತು. ಅದರ ಪಕ್ಕದಲ್ಲಿ ತಲೆಮಾರುಗಳಿಂದ ಪೂಜೆಗೊಳ್ಳುತ್ತಿದ್ದ ದ್ವಾರಕೆಯ ಬಿಳಿಯ ಚಕ್ರಶಿಲೆ ದೊರೆಯಲಿಲ್ಲ. ಅಂಥ ಶಿಲೆಯನ್ನು ಹಣ ಕೊಟ್ಟು ಕೊಳ್ಳಬಾರದು, ಅದು ತಾನಾಗಿ ಕೈಗೆ ಬರಬೇಕು ಎಂಬುದು ಅವರ ಮನೆಯ ಕಟ್ಟಳೆ. ಆದ್ದರಿಂದ ದ್ವಾರಕೆಯ ಅಂಗಡಿಗಳಲ್ಲಿ ಅವುಗಳನ್ನು ರಾಶಿ ಹಾಕಿದ್ದರೂ ಅಕ್ಕ ಕತ್ತೆತ್ತಿ ನೋಡಲಿಲ್ಲ.

ಮರುದಿನ ಸಹನಾ ಅನುಮತಿ ಪಡೆದು ನಮ್ಮನ್ನು ತಾನು ಕೆಲಸ ಮಾಡುವ ತೀರಕ್ಕೆ ಕರೆದೊಯ್ದಳು. ಇಳಿತದ ಹೊತ್ತು. ಕಡಲು ಬಹುದೂರ ಹಿಂದೆ ಸರಿದಿತ್ತು; ಮೊಣಕಾಲುದ್ದದ ಬಗ್ಗಡದ ನೀರಿನಲ್ಲಿ ನಡೆಯಬೇಕಿತ್ತು.

"ಅಲ್ಲ ಸಾ, ಸಮುದ್ರ ಅಂದ್ರೆ ನೀಲಿಗಿರ್ತದೆ ಅಂದ್ಕಂಡಿದ್ದೆ. ಇದೇನು, ನಮ್ಮ ಎಮ್ಮೆಗಳ್ನ ಇಳಿಸಿದ್ರೆ ಸಂಜೆಗಂಟ ಮ್ಯಾಕ್ಕೇ ಏಳಕಿಲ್ಲ!" ಎಂದು ಪುಟ್ಟಸ್ವಾಮಿಯವರು ನಕ್ಕರು.

"ಹುಷಾರಾಗಿ ಹೆಜ್ಜೆ ಇಡಿ, ಏನನ್ನೂ ಮುಟ್ಟಬೇಡಿ" ಎಂದು ಎಚ್ಚರಿಸಿದ ಸಹನಾ ನೀರಿನ ಉಷ್ಣತೆ ಅಳೆಯುವುದರಲ್ಲಿ ಮಗ್ನಳಾದಳು. ಕಂದು ಬಣ್ಣದ ಗುಂಡುಕಲ್ಲುಗಳಂತೆ ಕಂಡವೆಲ್ಲ ಹವಳಗಳೇ ಎಂದು ತಿಳಿದು ನನಗೆ ಆಶ್ಚರ್ಯವಾಯಿತು. ಅಲ್ಲಲ್ಲಿ ಕೆಲವು ಸುಣ್ಣ ಬಳಿದಂತೆ ಬೆಳ್ಳಗಿದ್ದವು.

ಸ್ವಲ್ಪ ಹೊತ್ತಿನಲ್ಲಿ ಉಬ್ಬರ ಆರಂಭವಾಗುವ ಸೂಚನೆ ಕಂಡು ಸಹನಾ ನಮ್ಮನ್ನು ದಡದತ್ತ ಹೊರಡಿಸಿದಳು. ಅಕ್ಕ ಸೆರಗನ್ನು ಬಿಗಿಯಾಗಿ ಹಿಡಿದು ಹಿಂದುಳಿದಿದ್ದಳು.

"ಏನಕ್ಕಾರೆ, ಸೆರಗ್ನಲ್ಲಿ ಮೀನು ಹಿಡ್ಕಂಡ್ರಾ? ನೀರು ತೊಟ್ಟಿಕ್ತಾ ಅದೆ" ಎಂದರು ಪುಟ್ಟಸ್ವಾಮಿ.

ಸಹನಾ ತಿರುಗಿ ನೋಡಿದಳು. "ಅಮ್ಮಾ, ಏನದು?"

ಅಕ್ಕ ಮೆಲ್ಲನೆ ಸೆರಗು ಬಿಚ್ಚಿದಳು. ಮುಷ್ಟಿಗಾತ್ರದ ಅಚ್ಚ ಬಿಳಿಯ ಕಲ್ಲು. ಮೈತುಂಬ ಚಿಕ್ಕ ಚಿಕ್ಕ ಚಕ್ರಗಳು. "ನಾನು ಕಿತ್ತಿಲ್ಲ ಕಣೇ. ಸಡಿಲವಾಗಿ ಬಿದ್ದಿತ್ತು, ಕಾಲಿಗೇ ತಗುಲ್ತು. ತಾನಾಗಿ ಬಂದಿದೆ" ಎಂದಳು. ಅವಳ ಕಣ್ಣು ತುಂಬಿತ್ತು.

"ಅಮ್ಮಾ, ಇಲ್ಲಿಂದ ಏನನ್ನು ಒಯ್ದರೂ ಅಪರಾಧ. ಅದಕ್ಕಿಂತ ಹೆಚ್ಚಾಗಿ, ಇದಕ್ಕಿನ್ನೂ ಜೀವ ಇದೆ."

"ಮೂಳೆ ಹಾಗೆ ಬೆಳ್ಳಗಿದೆ, ಜೀವ ಎಲ್ಲಿಂದ ಬರ್ಬೇಕು?"

"ಕೈಗೆ ಲೋಳೆ ಹತ್ತಿದೆ ನೋಡು, ಅದು ಇದರ ಮೈಯದೇ. ಮೈ ಗಾಜಿನ ಹಾಗಿದೆ, ಅದಕ್ಕೇ ಒಳಗಿನ ಮೂಳೆ ಕಾಣುತ್ತೆ. ಇದರೊಳಗೆ ಕಣ್ಣಿಗೆ ಕಾಣದಂಥ ಪಾಚಿ ಇರುತ್ತೆ. ಬಣ್ಣವೂ ಅದರದೇ, ಊಟವೂ ಹೆಚ್ಚಾಗಿ ಅದರಿಂದಲೇ. ನೀರು ತುಂಬಾ ಬಿಸಿಯಾದರೆ ಹವಳ ಆ ಪಾಚಿಯನ್ನು ಹೊರಗೆ ಹಾಕಿಬಿಡುತ್ತೆ. ಈಗ ಇದು ಹಸಿದಿದೆ, ಸತ್ತಿಲ್ಲ. ನಮ್ಮನೆಯಲ್ಲಿದ್ದ ಚಕ್ರಶಿಲೆಯೂ ಯಾವತ್ತೋ ಹೀಗೇ ಬದುಕಿದ್ದ ಹವಳವೇ ಅಮ್ಮ."

"ಒಂದ್ ಕಲ್ಲು ತಾನೆ ಮಗಾ, ಸಮುದ್ರಕ್ಕೇನು ಕಮ್ಮಿ ಆಯ್ತದೆ?" ಎಂದು ಪುಟ್ಟಸ್ವಾಮಿಯವರು ಅಕ್ಕನ ಪರವಾಗಿ ನುಡಿದರು. ಸಹನಾ ತಾಯಿಯ ಕೈಯಿಂದ ಅದನ್ನು ಕಸಿದುಕೊಳ್ಳಲಿಲ್ಲ. ನೀರು ನಮ್ಮ ಮೊಣಕಾಲನ್ನು ದಾಟಿತ್ತು.

ಅಕ್ಕ ಅಂಗೈ ಮೇಲಿನ ಲೋಳೆಯನ್ನು ನೋಡುತ್ತ ನಿಂತಿದ್ದವಳು ಥಟ್ಟನೆ ಹಿಂದಿರುಗಿದಳು. ಉಬ್ಬರ ಇನ್ನೂ ಮುಟ್ಟದ ಎತ್ತರದ ಬಂಡೆಗಳ ನಡುವೆ ತಿಳಿನೀರು ನಿಂತಿದ್ದ ಹೊಂಡವೊಂದಿತ್ತು. ಅವಳು ಅತ್ತ ಬಾಗಿದಳು. "ಹಸಿದಿರೋದನ್ನ ಒಳ್ಳೇ ನೀರಲ್ಲಾದ್ರೂ ಬಿಡ್ತೀನಿ."

ಹೊಸ ನೀರು ಬಂದು ಕಪಿಲೆ ಕೆಂಪಾದಾಗಲೆಲ್ಲ, ಕೊಡದೊಳಗೆ ಚಿಲ್ಲದ ಬೀಜ ತೇದು ನೀರನ್ನು ತಿಳಿಯಾಗಿಸುತ್ತ ಬಂದ ಕೈ ಅದು. ತಿಳಿನೀರೇ ಒಳ್ಳೆಯ ನೀರು ಎಂಬುದರಲ್ಲಿ ನನಗೂ ಸಂಶಯವಿರಲಿಲ್ಲ.

"ಅಲ್ಲಿ ಬೇಡಮ್ಮಾ!" ಎಂದು ಸಹನಾ ಕೂಗಿದಳು. "ಆ ತಿಳಿನೀರಲ್ಲಿ ಬಿಸಿಲು ನೇರವಾಗಿ ಬಡಿಯುತ್ತೆ. ಬಗ್ಗಡದಲ್ಲೇ ಬಿಡು. ಆ ಮಣ್ಣೇ ಇದಕ್ಕೆ ಕೊಡೆ. ನೀರಲ್ಲಿ ತೇಲೋ ಚೂರುಪಾರನ್ನು ಹಿಡಿದು ತಿಂದು ಒಂದಷ್ಟು ದಿನ ತಡೆಯಬಹುದು."

"ಹಾಗಾದ್ರೆ ಬದುಕುತ್ತಾ?"

"ಹೇಳಕ್ಕಾಗಲ್ಲಮ್ಮ. ಕೆಸರು ಹೆಚ್ಚಾಗಿ ಮೇಲೆ ಕೂತರೆ ಉಸಿರು ಕಟ್ಟಿ ಸಾಯುತ್ತೆ. ನೀರು ಬೇಗ ತಣ್ಣಗಾದರೆ ಬದುಕಬಹುದು."

ಸಹನಾ ತೋರಿಸಿದೆಡೆ, ಎರಡು ಕಂದು ಹವಳಗಳ ಸಂದಿನಲ್ಲಿ, ಅಕ್ಕ ಅದನ್ನು ಉರುಳದಂತೆ ಸಿಕ್ಕಿಸಿ ಇಟ್ಟಳು. ಬಗ್ಗಡವು ಅದನ್ನು ಮುಚ್ಚಿತು. ಅಕ್ಕ ಕೈಮುಗಿದಳೋ ಇಲ್ಲವೋ ನನಗೆ ಕಾಣಲಿಲ್ಲ. ಪುಟ್ಟಸ್ವಾಮಿಯವರು ಅವಳ ತೋಳು ಹಿಡಿದು, "ನಡೀರಕ್ಕಾ, ನೀರು ಸೊಂಟಕ್ಕೆ ಬಂತು" ಎಂದು ಅವಸರಪಡಿಸುತ್ತಿದ್ದರು.

ಮಳೆಗಾಲ ಕಳೆದ ಮೇಲೆ ಸಹನಾ ಒಂದು ಚಿತ್ರ ಕಳುಹಿಸಿದಳು. ಆ ಹವಳದ ಒಂದು ಪಾರ್ಶ್ವಕ್ಕೆ ಕಂದು ಬಣ್ಣ ಮರಳಿತ್ತು. ಇನ್ನೊಂದು ಪಾರ್ಶ್ವ ಸತ್ತು, ಅದರ ಮೇಲೆ ಬೇರೆಯೇ ಜಾತಿಯ ಪಾಚಿ ಬೆಳೆದಿತ್ತು. ಅಕ್ಕ ಅದನ್ನು ಬಹಳ ಹೊತ್ತು ನೋಡಿ, "ತಂದಿದ್ರೆ ಅಷ್ಟೂ ಉಳೀತಿರ್ಲಿಲ್ಲ" ಎಂದಳು. ಬಳಿಕ ಚಕ್ರಶಿಲೆಯ ಮಾತನ್ನು ಅವಳು ಎತ್ತಿಲ್ಲ.

ದೇವರ ಮನೆಯ ಪೆಟ್ಟಿಗೆಯಲ್ಲಿ ಸಾಲಿಗ್ರಾಮದ ಪಕ್ಕದ ಆ ಸ್ಥಳ ಇಂದಿಗೂ ಬರಿದಾಗಿದೆ. ಕಳೆದ ಆಷಾಢದಲ್ಲಿ ನಾನು ನಂಜನಗೂಡಿಗೆ ಹೋದಾಗ ಕಪಿಲೆ ಕೆಂಪಾಗಿ ಹರಿಯುತ್ತಿದ್ದಳು. "ನೀರು ಕೆಟ್ಟುಹೋಗಿದೆಯಲ್ಲ" ಎಂದು ರೂಢಿಯಂತೆ ಹೇಳಹೊರಟವನು, ಸೋಪಾನದ ಮೇಲೆ ನಿಂತು ಹೊಳೆಯನ್ನೇ ನೋಡುತ್ತಿದ್ದ ಅಕ್ಕನನ್ನು ಕಂಡು ಆ ಮಾತನ್ನು ನುಂಗಿಕೊಂಡೆ.