ಜಿಲ್ಲೆಯ ಬೋರ್ಡಿನ ಆಚೆ ಎರಡು ಕಡ್ಡಿ

ಉಪ್ಪನ ಮುಖವನ್ನು ಕೊನೆಯ ಸಲ ನೋಡಲು ನಾನು ಜಿಲ್ಲೆ ದಾಟಿ ಹೋಗಬೇಕಾಯಿತು. ದೊಡ್ಡ ಪ್ರಯಾಣವೇನಲ್ಲ. ಸಿದ್ದಕಟ್ಟೆ ಹತ್ತಿರದ ನಮ್ಮ ಮನೆಯಿಂದ ಮೂಡುಬಿದಿರೆ, ಅಲ್ಲಿಂದ ಬೆಳುವಾಯಿ, ಅದರಾಚೆ ಉಡುಪಿ ಜಿಲ್ಲೆಗೆ ಸ್ವಾಗತ ಕೋರುವ ಬೋರ್ಡು. ಆ ಬೋರ್ಡಿನ ಈಚೆ ಇಂಟರ್ನೆಟ್ ಇರಲಿಲ್ಲ, ಆಚೆ ಇತ್ತು.

ಉಪ್ಪ ಎಂದರೆ ನನ್ನ ತಂದೆ. ನಾನು ಹುಟ್ಟುವ ಮೊದಲೇ ಗಲ್ಫಿಗೆ ಹೋದವರು, ಅಲ್ಲಿ ಕಿರಾಣಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದರು. ಮೊದಮೊದಲು ಎರಡು ವರ್ಷಕ್ಕೊಮ್ಮೆ ಬರುತ್ತಿದ್ದರು, ಆಮೇಲೆ ಮೂರು ವರ್ಷಕ್ಕೊಮ್ಮೆ, ಕೊನೆಕೊನೆಗೆ ‘ಈ ರಂಝಾನ್ ಒಂದು ಕಳೆಯಲಿ’ ಎನ್ನುವುದೇ ರೂಢಿಯಾಯಿತು. ನನ್ನ ಮಟ್ಟಿಗೆ ಉಪ್ಪ ಎಂದರೆ ಶುಕ್ರವಾರದ ವಿಡಿಯೋ ಕಾಲ್. ಜುಮಾ ನಮಾಝ್ ಮುಗಿಸಿ ಬಂದು, ಇಸ್ತ್ರಿ ಮಾಡಿದ ಅಂಗಿಯಲ್ಲೇ ಗೋಡೆಗೊರಗಿ ಕೂತು ಫೋನ್ ಹಿಡಿಯುತ್ತಿದ್ದರು. ಗಡ್ಡ ಕಪ್ಪಗೆ ಮಿರಿಮಿರಿ ಮಿಂಚುತ್ತಿತ್ತು. ಈ ಕಡೆ ನನ್ನ ತಾಯಿ, ಉಮ್ಮನೂ ಏನು ಕಡಿಮೆಯಲ್ಲ. ಅರ್ಧ ಗಂಟೆ ಮೊದಲೇ ಮುಖ ತೊಳೆದು, ಹೊಸ ಶಾಲು ಹಣೆಯವರೆಗೆ ಎಳೆದುಕೊಂಡು, ಜಗಲಿಯಲ್ಲಿ ಬೆಳಕು ಚೆನ್ನಾಗಿ ಬೀಳುವ ಕಡೆ ಕೂರುತ್ತಿದ್ದಳು. ಇಬ್ಬರೂ ಮಾತಾಡುತ್ತಿದ್ದದ್ದು ಬಾವಿಯ ಪಂಪು, ಯಾರದೋ ಮದುವೆ, ಮಳೆ ಬಂತಾ ಇಲ್ಲವಾ, ಅಷ್ಟೇ.

ಅಲ್ಲಿಯ ಸರಕಾರ ಆಗಾಗ ಒಂದೊಂದು ಆ್ಯಪನ್ನು ಬಂದ್ ಮಾಡುತ್ತಿತ್ತು. ದೇಶದ ಭದ್ರತೆಗೆ ಎಂದು ಕೆಲವರು, ಟೆಲಿಫೋನ್ ಕಂಪನಿಯ ಲಾಭಕ್ಕೆ ಎಂದು ಕೆಲವರು ಹೇಳುತ್ತಿದ್ದರು. ಒಂದು ಬಂದ್ ಆದರೆ ಉಪ್ಪ ಇನ್ನೊಂದನ್ನು ಹುಡುಕುತ್ತಿದ್ದರು. ಓದು ಬಾರದ ಉಮ್ಮ ಬಣ್ಣ ನೋಡಿ ಒತ್ತಲು ಕಲಿತಳು. ಮೊದಲು ಹಸಿರು, ಆಮೇಲೆ ನೀಲಿ, ಆಮೇಲೆ ಹಸಿರಿನ ಪಕ್ಕದ ಬಿಳಿ. ದೇಶದೇಶಗಳ ಭದ್ರತೆಯ ರಾಜಕೀಯವೆಲ್ಲ ನಮ್ಮ ಮನೆಗೆ ತಲುಪುತ್ತಿದ್ದದ್ದು ಈ ಬಣ್ಣಗಳಾಗಿಯೇ.

ಕೊನೆಯ ತಿಂಗಳು ವಿಡಿಯೋ ಬರಲೇ ಇಲ್ಲ. ಬರೀ ಧ್ವನಿ.

“ಇಲ್ಲಿ ವಿಡಿಯೋ ಎಲ್ಲ ಬಂದ್ ಮಾಡಿದ್ದಾರೆ. ಮಾತು ಮಾತ್ರ ಬಿಟ್ಟಿದ್ದಾರೆ,” ಎಂದರು ಉಪ್ಪ. ನಾವು ಮನೆಯಲ್ಲಿ ಆಡುವುದು ಬ್ಯಾರಿ ಭಾಷೆ. ಇಲ್ಲಿ ನಾನು ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಅವರ ಮನೆ ಹಾಳಾಗ,” ಎಂದಳು ಉಮ್ಮ ಆ ಸರಕಾರಕ್ಕೆ. ಆದರೂ ಪ್ರತಿ ಶುಕ್ರವಾರ ಶಾಲು ಬದಲಿಸಿ, ಬೆಳಕಿಗೇ ಹೋಗಿ ಕೂರುತ್ತಿದ್ದಳು. “ಮಾತಾಡ್ತಾ ಇರುವಾಗ ಇದ್ದಕ್ಕಿದ್ದ ಹಾಗೆ ಬಿಟ್ಟರೆ?” ಎನ್ನುತ್ತಿದ್ದಳು.

ಅದಾದ ಮೇಲೆ ಒಂದು ಬೆಳಿಗ್ಗೆ ಉಪ್ಪ ತೀರಿಹೋದ ಸುದ್ದಿ ಬಂತು. ಹೇಳಿದ್ದು ಅವರ ಕೋಣೆಯಲ್ಲೇ ಇದ್ದ ಬೆಳ್ತಂಗಡಿ ಕಡೆಯವರು, ನಾವು ಕಾಕ ಎನ್ನುತ್ತೇವೆ. ಹೃದಯ ಎಂದರು. ಮಯ್ಯತನ್ನು, ಅಂದರೆ ದೇಹವನ್ನು, ಊರಿಗೆ ತರುವುದೋ, ಅಲ್ಲೇ ದಫನ ಮಾಡುವುದೋ ಎಂದು ಕೇಳಿದರು. ಗಂಡಸರೆಲ್ಲ ಸೇರಿ, ಪೆಟ್ಟಿಗೆಯಲ್ಲಿ ಅಷ್ಟು ದಿನ ಇಟ್ಟು ಕಷ್ಟ ಕೊಡುವುದು ಬೇಡ, ಅಲ್ಲೇ ಆಗಲಿ ಎಂದರು. ಉಮ್ಮ ಒಂದು ಶರತ್ತಿನ ಮೇಲೆ ಒಪ್ಪಿದಳು. ಕಫನ್ ಬಟ್ಟೆ ಕಟ್ಟುವ ಮೊದಲು ತನಗೆ ಮುಖ ತೋರಿಸಬೇಕು.

“ನನ್ನ ಫೋನಿನಿಂದಲೇ ತೋರಿಸ್ತೇನೆ, ಅವರಿಗೆ ಹೇಳು,” ಎಂದು ಕಾಕ ನನಗೆ ಮಾತು ಕೊಟ್ಟರು. ಇನ್ನೂ ಬಂದ್ ಆಗದ ಯಾವುದೋ ಆ್ಯಪ್ ಅವರ ಬಳಿ ಇರಬೇಕು ಎಂದುಕೊಂಡೆ. ಅಲ್ಲಿಯ ಕಾಗದಪತ್ರ ಮುಗಿಯಲು ಕೆಲವು ದಿನ ಬೇಕಿತ್ತು. ನಾವು ಕಾಯುತ್ತಿದ್ದೆವು.

ಆ ದಿನಗಳಲ್ಲಿ ನಾನು ಅಳಲಿಲ್ಲ. ಬಂದವರಿಗೆ ಚಾ ಕೊಟ್ಟೆ, ಕುರ್ಚಿ ಹಾಕಿದೆ, ಚಪ್ಪಲಿಗಳನ್ನು ಸಾಲಾಗಿ ಇಟ್ಟೆ. ಒಳಗೆ ಏನೋ ಜೋಮು ಹಿಡಿದ ಹಾಗಿತ್ತು. ಮಗಳಾಗಿ ಅಳಬೇಕಿತ್ತು ಎಂದು ಬಂದ ಹೆಂಗಸರ ಮುಖ ಹೇಳುತ್ತಿತ್ತು. ಪರದೆಯಲ್ಲಿ ಕಂಡ ತಂದೆಗೆ ಹೇಗೆ ಅಳುವುದು ಎಂದು ನನಗೆ ಯಾರೂ ಕಲಿಸಿರಲಿಲ್ಲ.

ಅದರ ನಡುವೆ ಜಿಲ್ಲೆಯಲ್ಲಿ ಎಲ್ಲೋ ಒಂದು ಕೊಲೆಯಾಯಿತು. ಮಾರನೇ ದಿನ ಒಂದು ಆಡಿಯೋ ಹರಿದಾಡಿತು. ಅದರಲ್ಲಿ ಒಬ್ಬ ಹೆಂಗಸು ಅಳುತ್ತಾ, “ಬಂದರು, ಬಾಗಿಲು ಹಾಕಿ, ಬಂದರು” ಎನ್ನುತ್ತಾಳೆ. ಯಾರು ಬಂದರು, ಎಲ್ಲಿ ಬಂದರು, ಏನೂ ಇಲ್ಲ. ನಾನು ಹೈಸ್ಕೂಲಿನಲ್ಲಿ ಗಣಿತ ಟೀಚರ್. ನಮ್ಮ ಶಾಲೆಯ ವಾಟ್ಸಾಪ್ ಗುಂಪಿಗೂ ಅದು ಬಂತು, ನಮ್ಮ ಕುಟುಂಬದ ಗುಂಪಿಗೂ ಬಂತು. ಅದೇ ಅಳು, ಅದೇ ಹೆಂಗಸು. ಅಲ್ಲಿ ಬಂದವರು ನಾವು, ಇಲ್ಲಿ ಬಂದವರು ಅವರು. ಮಷೀನಿನಲ್ಲಿ ಮಾಡಿದ ಧ್ವನಿ ಎಂದು ಆಮೇಲೆ ಹೇಳಿದರು. ಎರಡು ಬೈಕು ಸುಟ್ಟ ಮೇಲೆ.

ಆ ಸಂಜೆಯೇ ಮುಂಜಾಗ್ರತಾ ಕ್ರಮ ಎಂದು ಜಿಲ್ಲೆಯಲ್ಲಿ ಇಂಟರ್ನೆಟ್ ನಿಲ್ಲಿಸಿದರು, ಮೊಬೈಲಿನದ್ದೂ, ಪೇಟೆಯ ಕೇಬಲಿನದ್ದೂ. ಸುಳ್ಳು ಸುದ್ದಿ ಹರಡಬಾರದಲ್ಲ. ಸುಳ್ಳು ಸುದ್ದಿ ಮರುದಿನ ಬೆಳಿಗ್ಗೆ ಮೀನಿನವನ ಸ್ಕೂಟರಿನಲ್ಲಿ ಬಂತು, ಬಂಗುಡೆಯ ಜೊತೆಗೆ, ಇನ್ನೂ ತಾಜಾ. ನಿಂತದ್ದು ಬ್ಯಾಂಕಿನ ಕೆಲಸ, ಮಕ್ಕಳ ಅರ್ಜಿ, ಉಮ್ಮನ ಕಾಯುವಿಕೆ.

ಮಧ್ಯಾಹ್ನದ ಹೊತ್ತಿಗೆ ಕಾಕ ಮಾಮೂಲಿ ಕಾಲ್ ಮಾಡಿದರು. “ನಾಳೆ ಮಧ್ಯಾಹ್ನ ಜುಹ್ರ್ ನಮಾಝ್ ಆದ ಮೇಲೆ ದಫನ. ಇನ್ನು ಮುಂದೆ ಹಾಕಲಿಕ್ಕೆ ಆಗುವುದಿಲ್ಲ ಮಗಳೇ. ನಿಮ್ಮದು ನೆಟ್ ಯಾಕೆ ಬರ್ತಾ ಇಲ್ಲ?”

ಕಾರಣ ಹೇಳಿದೆ. “ಇಲ್ಲಿಯದ್ದೇ ರೋಗ ಅಲ್ಲಿಗೂ ಬಂತಾ?” ಎಂದರು.

ಕಾರ್ಕಳದ ಕಡೆ ಜಿಲ್ಲೆಯ ಗಡಿ ದಾಟಿದರೆ ಸಿಗ್ನಲ್ ಉಂಟು ಎಂದು ನನ್ನ ಗಂಡ ವಿಚಾರಿಸಿಕೊಂಡು ಬಂದರು. ಆದರೆ ಉಮ್ಮ ಇದ್ದತ್‌ನಲ್ಲಿ ಕೂತಿದ್ದಳು. ಗಂಡ ತೀರಿದ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಮನೆ ಬಿಟ್ಟು ಹೊರಡುವುದಿಲ್ಲ. ನನ್ನ ಗಂಡ ಮಸೀದಿಯ ಉಸ್ತಾದರನ್ನು ಕೇಳಿದರು. ಅವರು ಒಳ್ಳೆಯವರು. ಅಷ್ಟು ಅಗತ್ಯವಿದ್ದರೆ ಹಗಲಿನಲ್ಲಿ ಹೋಗಿ ಕತ್ತಲಾಗುವ ಮೊದಲು ಬರಲಿ, ತೊಂದರೆ ಇಲ್ಲ ಎಂದರು. ನಾವು ಕಾರಿನ ಹಿಂದಿನ ಗಾಜಿಗೆ ಬಟ್ಟೆ ಕಟ್ಟುವುದು ಎಂದೂ ಮಾತಾಡಿಕೊಂಡೆವು.

“ಕಾರು ನಿಲ್ಲಿಸುವುದು ಎಲ್ಲಿ?” ಎಂದು ಕೇಳಿದಳು ಉಮ್ಮ.

“ರಸ್ತೆ ಬದಿಯಲ್ಲಿ. ಬೊಂಡದ ಅಂಗಡಿ ಒಂದು ಉಂಟಂತೆ, ಅಲ್ಲಿ ಎಲ್ಲರೂ ನಿಲ್ತಾರಂತೆ.”

ಉಮ್ಮ ತಸ್ಬಿಯ ಮಣಿ ಎಣಿಸುವುದನ್ನು ನಿಲ್ಲಿಸಿದಳು. “ಬೊಂಡದ ಅಂಗಡಿ ಎದುರು ಕೂತು ನೋಡುವ ಮುಖವಾ ಅದು?” ಎಂದಳು. “ನಾನು ಬರುವುದಿಲ್ಲ. ನೀನು ನೋಡಿ ಬಂದು ನನಗೆ ಹೇಳು.”

“ರೆಕಾರ್ಡ್ ಮಾಡಿ ತರ್ತೇನೆ ಉಮ್ಮ. ನೀನು ಇಲ್ಲೇ ಕೂತು ನೋಡಬಹುದು.”

“ಆಗಲಿ,” ಎಂದು ತನ್ನ ಫೋನನ್ನು ಶಾಲಿನ ತುದಿಯಲ್ಲಿ ಒರೆಸಿ ಕೊಟ್ಟಳು. ಕಾಕ ಕಾಲ್ ಮಾಡುವುದು ಆ ನಂಬರಿಗೇ.

ಮರುದಿನ ಹೊರಟೆವು. ಮೂಡುಬಿದಿರೆಯಲ್ಲಿ ಅರ್ಧ ಅಂಗಡಿಗಳು ಮುಚ್ಚಿದ್ದವು. ಪೊಲೀಸರು ತಡೆದು ಎಲ್ಲಿಗೆ ಎಂದು ಕೇಳಿದರು. “ಸಾವಿನ ಮನೆ ಸಾರ್,” ಎಂದರು ಗಂಡ. ಎಲ್ಲಿ ಎಂದು ಕೇಳಿದಾಗ ಮುಂದಿನ ರಸ್ತೆಯ ಕಡೆ ಕೈ ತೋರಿಸಿದರು. ಪೊಲೀಸ್ ನನ್ನ ಮುಖ ನೋಡಿ, ಹೋಗಿ ಎಂದು ಕೈ ಬೀಸಿದ.

ಬೋರ್ಡು ದಾಟಿದ ಕೂಡಲೇ ನೆಟ್ ಬರುವುದಿಲ್ಲ. ಫೋನು ಸ್ವಲ್ಪ ದೂರ ಹಳೆಯ ಟವರನ್ನೇ ಹಿಡಿದುಕೊಂಡಿರುತ್ತದೆ. ಮುಂದಿನ ತಿರುವಿನಲ್ಲಿ ಕಾರು, ಬೈಕು, ರಿಕ್ಷಾಗಳ ಸಾಲು. ಎಲ್ಲರೂ ತಲೆ ತಗ್ಗಿಸಿ ಫೋನ್ ನೋಡುತ್ತಿದ್ದರು. ಹಣೆಗೆ ಕುಂಕುಮ ಇಟ್ಟವರು, ಟೋಪಿ ಹಾಕಿದವರು, ಕೊರಳಲ್ಲಿ ಶಿಲುಬೆ ಇದ್ದವರು. ಪರಸ್ಪರ ಮುಖ ನೋಡಬಾರದೆಂದು ಯಾರನ್ನು ಮನೆಯಲ್ಲಿ ಕೂರಿಸಿದ್ದರೋ ಅವರೆಲ್ಲ ಒಂದೇ ಟವರಿನ ಕೆಳಗೆ ಹೆಗಲಿಗೆ ಹೆಗಲು ತಾಗಿಸಿ ನಿಂತಿದ್ದರು. ಬೊಂಡದವನಿಗೆ ಎಳನೀರು ಕೆತ್ತಿ ಮುಗಿಯುತ್ತಿರಲಿಲ್ಲ. ಇನ್ನೊಂದು ದಿನವಾದರೆ ನನಗೆ ನಗು ಬರುತ್ತಿತ್ತು.

ಉಮ್ಮನ ಫೋನಿನಲ್ಲಿ ಸಿಗ್ನಲಿನ ಒಂದು ಕಡ್ಡಿ ಬಂದು ಹೋಯಿತು. ಕಾರಿನ ಬಾನೆಟ್ಟಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದ ನಡುವಯಸ್ಸಿನ ಒಬ್ಬರು ನನ್ನ ಒದ್ದಾಟ ನೋಡಿದರು. ಮಣಿಕಟ್ಟಿನಲ್ಲಿ ಕೇಸರಿ ದಾರ. “ಇಲ್ಲಿ ಬನ್ನಿ ಅಕ್ಕ, ಇಲ್ಲಿ ಎರಡು ಕಡ್ಡಿ ಬರ್ತದೆ,” ಎಂದು ತಮ್ಮ ಕಾರನ್ನು ಹಿಂದೆ ತೆಗೆದರು. ಆಗಲೇ ಕಾಲ್ ಬಂತು.

ಮೊದಲು ಕಂಡದ್ದು ಬಿಳಿ ಟೈಲ್ಸಿನ ಗೋಡೆ, ಆಮೇಲೆ ಯಾರದೋ ಕೈ. ರೆಕಾರ್ಡ್ ಒತ್ತಿದೆ. ಕಾಕ ಸಲಾಂ ಹೇಳಿ ಫೋನನ್ನು ಕೆಳಗೆ ತಿರುಗಿಸಿದರು.

ನಾನು “ಇದು ಉಪ್ಪ ಅಲ್ಲ” ಎಂದೆ.

ಕೆನ್ನೆ ಒಳಗೆ ಹೋಗಿತ್ತು. ಗಡ್ಡ ಪೂರಾ ಬೆಳ್ಳಗೆ, ಹತ್ತಿಯ ಹಾಗೆ. ಬೇರೆ ಯಾರೋ ಮುದುಕರನ್ನು ತೋರಿಸುತ್ತಿದ್ದಾರೆ, ಆಸ್ಪತ್ರೆಯಲ್ಲಿ ಅದಲುಬದಲಾಗಿದೆ ಎಂದೇ ನಾನು ತಿಳಿದೆ. ಎಡ ಹುಬ್ಬಿನ ಮೇಲಿನ ಹಳೆಯ ಗಾಯದ ಗುರುತು ಕಾಣುವವರೆಗೆ.

“ಉಪ್ಪನೇ ಮಗಳೇ,” ಎಂದರು ಕಾಕ. “ಒಂದು ತಿಂಗಳು ಆಸ್ಪತ್ರೆಯಲ್ಲಿದ್ದರು. ನಿಮಗೆ ಹೇಳಬಾರದು ಅಂತ ನನ್ನ ಹತ್ತಿರ ಆಣೆ ಹಾಕಿಸಿದ್ದರು. ಗುರುವಾರ ರಾತ್ರಿ ಗಡ್ಡಕ್ಕೆ ಬಣ್ಣ ಹಚ್ಚದೆ ಅವರು ಮಲಗಿದವರೇ ಅಲ್ಲ. ಆಸ್ಪತ್ರೆಯಲ್ಲಿ ಅದೆಲ್ಲ ಎಲ್ಲಿ ಆಗ್ತದೆ?”

“ವಿಡಿಯೋ ಬಂದ್ ಮಾಡಿದ್ದಾರೆ ಅಂದಿದ್ದರಲ್ಲ?”

“ಯಾರು ಬಂದ್ ಮಾಡಿದ್ದು? ಎಲ್ಲ ಇತ್ತು. ಈ ಮುಖ ಅವಳಿಗೆ ಯಾಕೆ ಅಂತ ಅವರೇ ಹಾಗೆ ಹೇಳಿದ್ದು.”

ನನ್ನ ಗಂಡ ದುವಾ ಓದುತ್ತಿದ್ದರು. ಪಕ್ಕದಲ್ಲಿ ಲ್ಯಾಪ್‌ಟಾಪಿನವರು ಪರದೆ ಮುಚ್ಚಿ, ಬೆನ್ನು ಹಾಕಿ ನಿಂತಿದ್ದರು. ಬಿಳಿ ಬಟ್ಟೆ ಮುಖದ ಮೇಲೆ ಬಂತು. ಕಾಲ್ ಕಡಿದ ಮೇಲೆ ಗಂಡ ನನಗೊಂದು ಬೊಂಡ ತಂದುಕೊಟ್ಟರು, ನಾನು ಅದನ್ನು ಪೂರ್ತಿ ಕುಡಿದೆ. ಸಿಹಿ ಇತ್ತು. ಅದು ನೆನಪಿದೆ.

ಹಿಂದೆ ಬರುವಾಗ ದಾರಿಯುದ್ದಕ್ಕೂ ಉಮ್ಮನಿಗೆ ಏನು ಹೇಳುವುದೆಂದು ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಮನೆಯ ಒಳಕೋಣೆಯಲ್ಲಿ ಅವಳು ಚಾಪೆಯ ಮೇಲೆ ಕಾಯುತ್ತಿದ್ದಳು. ಶುಕ್ರವಾರದ ಅಭ್ಯಾಸವೋ ಏನೋ, ಕಿಟಕಿಯ ಬೆಳಕಿಗೇ ಕೂತಿದ್ದಳು.

“ಹೇಗಿದ್ದರು?”

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕೆನ್ನೆ, ಗಡ್ಡ, ಆಸ್ಪತ್ರೆ, ಗುರುವಾರದ ಬಣ್ಣ. ಉಮ್ಮ ಚಾಪೆಯ ಅಂಚಿನ ಎಳೆಯೊಂದನ್ನು ಕೀಳುತ್ತಾ ಕೂತಳು. ಕಪ್ಪು ಬಣ್ಣ ಹಚ್ಚಬಾರದೆಂದು ಉಸ್ತಾದರು ಹೇಳುವುದುಂಟು, ಅದಕ್ಕೆ ಬೇಸರ ಮಾಡಿಕೊಂಡಳೋ ಎಂದುಕೊಂಡೆ.

“ಹಾಗಾದರೆ ಅಲ್ಲಿ ಬಂದ್ ಇರಲಿಲ್ಲವಾ?” ಎಂದಳು ಕೊನೆಗೆ.

“ಇರಲಿಲ್ಲ.”

ಫೋನ್ ಕೈಗೆ ಕೊಟ್ಟೆ. “ರೆಕಾರ್ಡ್ ಉಂಟು ಉಮ್ಮ. ಇಲ್ಲಿ ಒತ್ತಿದರೆ ಬರ್ತದೆ.”

ಉಮ್ಮ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆ ಮುಖಕ್ಕಾಗಿ ತಾನೇ ಒಪ್ಪಿಗೆ ಕೊಟ್ಟದ್ದು, ಅಷ್ಟು ದಿನ ಕಾದದ್ದು. ಹೆಬ್ಬೆರಳು ಪರದೆಯ ಹತ್ತಿರ ಹೋಗಿ ನಿಂತಿತು.

“ಬಂದ್ ಮಾಡಿದ್ದು ಅವರೇ ಅಲ್ಲವಾ,” ಎಂದಳು. “ನನಗೆ ತೋರಿಸಬಾರದು ಅಂತ ತಾನೇ. ಮತ್ತೆ ನಾನು ಯಾಕೆ ತೆರೆಯುವುದು? ಅಳಿಸಿ ಬಿಡು.”

ನನಗೆ ಸಿಟ್ಟು ಬಂತು. ಆ ಇಡೀ ವಾರದಲ್ಲಿ ನನಗೆ ಬಂದ ಒಂದೇ ಭಾವನೆ ಅದು. ಜಿಲ್ಲೆ ದಾಟಿ, ಪೊಲೀಸರಿಗೆ ಉತ್ತರ ಕೊಟ್ಟು, ಬೀದಿಯಲ್ಲಿ ನಿಂತು ತಂದದ್ದು. ಆದರೂ ಅವಳ ಎದುರೇ ಅಳಿಸಿದೆ.

ಎರಡು ದಿನ ಬಿಟ್ಟು ನೆಟ್ ಬಂತು. ಮನೆಯ ಫೋನುಗಳೆಲ್ಲ ಒಟ್ಟಿಗೆ ಕೂಗಿಕೊಂಡವು. ಕಾಕನ ಕಡೆಯಿಂದ ಯಾರಿಗೋ ಹೋಗಿ, ಅವರಿಂದ ಇನ್ನಾರಿಗೋ ಹೋಗಿ, ಉಪ್ಪನ ಮುಖ ನಮ್ಮ ಕುಟುಂಬದ ಗುಂಪಿಗೆ ಆಗಲೇ ಬಂದಿತ್ತು. ಅದೇ ಆಡಿಯೋ ಬಂದಿದ್ದ ಗುಂಪು. ಒಬ್ಬರ ಫೋಟೋವನ್ನು ಅವರ ಒಪ್ಪಿಗೆ ಇಲ್ಲದೆ ಕಳಿಸಬಾರದು ಎಂದು ನಾನು ಶಾಲೆಯ ಸೈಬರ್ ಜಾಗೃತಿ ತರಗತಿಯಲ್ಲಿ ವರ್ಷವರ್ಷ ಹೇಳುತ್ತೇನೆ. ಮಕ್ಕಳು ಬರೆದುಕೊಳ್ಳುತ್ತಾರೆ. ಉಮ್ಮನ ಫೋನಿನಿಂದ ಅದನ್ನೂ ತೆಗೆದೆ, ಗುಂಪನ್ನೂ ತೆಗೆದೆ. ಉಳಿದವರ ಫೋನುಗಳಿಗೆ ನಾನೇನು ಮಾಡಲಿ?

ಆ ಶುಕ್ರವಾರ ಹೆಂಗಸರು ಬಂದು ಉಮ್ಮನ ಸುತ್ತ ಕೂತರು. ಚಾ ತೆಗೆದುಕೊಂಡು ನಾನು ಒಳಗೆ ಬರುವಾಗ, ದೂರದ ಸಂಬಂಧದ ಒಬ್ಬರು ಕಣ್ಣೊರೆಸಿಕೊಳ್ಳುತ್ತಿದ್ದರು.

“ನಾವೆಲ್ಲ ಮುಖ ನೋಡಿದೆವು. ಪಾಪ, ಗಡ್ಡ ಎಲ್ಲ ಎಷ್ಟು ಬೆಳ್ಳಗಾಗಿತ್ತು.”

“ಇಲ್ಲ,” ಎಂದಳು ಉಮ್ಮ. “ಕಪ್ಪು. ಪ್ರತಿ ಶುಕ್ರವಾರ ನೋಡಿದವಳು ನಾನಲ್ಲವಾ?”

ಆ ಹೆಂಗಸು ಏನೂ ತಿಳಿಯದೆ ನನ್ನ ಕಡೆ ನೋಡಿದರು. ಕೈಯಲ್ಲಿ ಅವರ ಫೋನು ಇತ್ತು.

“ಹೌದು, ಕಪ್ಪೇ,” ಎಂದೆ. ಚಾ ಕೊಡಲು ಬಗ್ಗಿದವಳಿಗೆ ಲೋಟ ಕಾಣಿಸಲಿಲ್ಲ, ಕಣ್ಣು ತುಂಬಿತ್ತು.